ಡ್ರೈವಿಂಗ್ ನಮ್ಮ ಹಕ್ಕೋ, ಸರ್ಕಾರ ಕೊಟ್ಟ ಸವಲತ್ತೋ?

ಕಲಂ_ಓದುಗ
ಡಿಎಲ್ ಅಮಾನತಿನ ಸುದ್ದಿ ಬಂದಾಗಲೆಲ್ಲ ಎರಡು ಮಾತು ಕೇಳಿಬರುತ್ತವೆ. ಒಂದು ಕಡೆಯವರು "ಗಾಡಿ ನನ್ನದು, ಟ್ಯಾಕ್ಸ್ ಕಟ್ಟಿದ್ದೀನಿ, ಓಡಿಸೋದು ನನ್ನ ಹಕ್ಕು" ಅಂತಾರೆ. ಇನ್ನೊಂದು ಕಡೆಯವರು "ಡ್ರೈವಿಂಗ್ ಹಕ್ಕೇ ಅಲ್ಲ, ಸರ್ಕಾರ ಕೊಟ್ಟ ಸವಲತ್ತು. ಕೊಟ್ಟವರು ಬೇಕೆಂದಾಗ ವಾಪಸ್ ತಗೋಬಹುದು" ಅಂತಾರೆ. ನನಗೆ ಎರಡೂ ಪೂರ್ತಿ ಒಪ್ಪಿಗೆಯಾಗುತ್ತಿಲ್ಲ. ದೇಶದ ಎಲ್ಲ ಕಡೆ ಓಡಾಡುವ ಸ್ವಾತಂತ್ರ್ಯ ಸಂವಿಧಾನದ 19(1)(ಡಿ)ಯಲ್ಲೇ ಇದೆ. ಆದರೆ 1988ರ ಮೋಟಾರು ವಾಹನ ಕಾಯ್ದೆಯ 3ನೇ ಕಲಂ ಲೈಸೆನ್ಸ್ ಇಲ್ಲದೆ ಸ್ಟೀರಿಂಗ್ ಹಿಡಿಯಬೇಡ ಅನ್ನುತ್ತದೆ. ಇವೆರಡು ಒಟ್ಟಿಗೆ ಹೇಗೆ ನಿಲ್ಲುತ್ತವೆ? ಟೆಸ್ಟ್ ಪಾಸಾದವನಿಗೆ ಅಧಿಕಾರಿ ಲೈಸೆನ್ಸ್ ಕೊಡಲ್ಲ ಅನ್ನಬಹುದಾ? ಕೊಟ್ಟಿದ್ದನ್ನು ಯಾರು, ಯಾವ ಕ್ರಮದಲ್ಲಿ ಕಿತ್ತುಕೊಳ್ಳಬಹುದು? ಕಾಯ್ದೆ ಓದಿದವರು ಹೇಳಿ.

ಎರಡನೇ_ಗೇರ್
ಗಾಡಿ ನಿಮ್ಮದು, ರಸ್ತೆ ಎಲ್ಲರದು. ಅಷ್ಟೇ ಉತ್ತರ.

ನೇಗಿಲು_ನಂಬರ್_1
ಎರಡನೇ ಗೇರ್ ಅವರು ಒಂದೇ ಸಾಲಲ್ಲಿ ಹೇಳಿದ್ದು ಕಾಯ್ದೆಯಲ್ಲೂ ಇದೆ. 3ನೇ ಕಲಂನಲ್ಲಿ "ಸಾರ್ವಜನಿಕ ಸ್ಥಳದಲ್ಲಿ" ಅನ್ನುವ ಮಾತು ಗಮನಿಸಿ. ಬೇಲಿ ಹಾಕಿದ ಸ್ವಂತ ಹೊಲದಲ್ಲಿ ಟ್ರ್ಯಾಕ್ಟರ್ ಹೊಡೆಯೋಕೆ ಆ ಕಲಂ ಲೈಸೆನ್ಸ್ ಕೇಳಲ್ಲ. ಅದೇ ಟ್ರ್ಯಾಕ್ಟರ್ ಗೇಟು ದಾಟಿ ಹತ್ತು ಮಾರು ಡಾಂಬರಿಗೆ ಬಂದರೆ ಬೇಕೇ ಬೇಕು. ಸಾರ್ವಜನಿಕ ಸ್ಥಳ ಅಂದರೆ ಬರೀ ರಸ್ತೆ ಅಲ್ಲ, ಜನರಿಗೆ ಹೋಗಿಬರುವ ಹಕ್ಕಿರುವ ಯಾವ ಜಾಗವೂ ಅದರೊಳಗೆ ಬರುತ್ತದೆ. ಬಸ್ ನಿಲ್ಲುವ ಜಾಗವನ್ನು 2(34)ರಲ್ಲೇ ಸೇರಿಸಿದ್ದಾರೆ. "ನಮ್ಮ ಲೇಔಟ್ ಒಳಗೆ ತಾನೇ, ಮಗ ಓಡಿಸಲಿ ಬಿಡಿ" ಅನ್ನುವವರು ಎಡವೋದು ಇಲ್ಲೇ.

ಸ್ವತಂತ್ರ_ಸವಾರ
ಇಷ್ಟೆಲ್ಲ ಸುತ್ತೋದು ಯಾಕೆ ಸಾರ್? 19(1)(ಡಿ) ಮೂಲಭೂತ ಹಕ್ಕು. ಇವತ್ತಿನ ಕಾಲದಲ್ಲಿ ಓಡಾಡೋದು ಅಂದರೆ ಗಾಡಿಯಲ್ಲೇ ಓಡಾಡೋದು. ಬಸ್ಸೇ ಇಲ್ಲದ ಊರಿನವನಿಗೆ ಡಿಎಲ್ ಇಲ್ಲ ಅಂದರೆ ಅವನ ಕಾಲು ಕಟ್ಟಿಹಾಕಿದ ಹಾಗೆ. ಹಾಗಾಗಿ ಡ್ರೈವಿಂಗ್ ಹಕ್ಕೇ.

ಬ್ರೇಕ್_ಡ್ರಮ್
ಓಡಾಡುವ ಹಕ್ಕು ಬೇರೆ, ಯಂತ್ರ ನಡೆಸುವ ಹಕ್ಕು ಬೇರೆ. ಲೆಕ್ಕ ಹಾಕಿ ನೋಡಿ. ಒಂದು ಟನ್ ಕಾರು ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೊತ್ತಿರುವ ಚಲನಶಕ್ತಿ ಸುಮಾರು 139 ಕಿಲೋಜೂಲ್. ಅದೇ ಕಾರನ್ನು 14 ಮೀಟರ್ ಎತ್ತರದಿಂದ, ಅಂದರೆ ನಾಲ್ಕು ಅಂತಸ್ತಿನ ಮೇಲಿಂದ ಕೆಳಗೆ ಬಿಟ್ಟರೆ ನೆಲಕ್ಕೆ ಬಡಿಯುವ ಶಕ್ತಿಯೂ ಅಷ್ಟೇ. ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಕು ಪಟ್ಟು.

ನಿಲ್ಲಿಸುವ ದೂರವೂ ಹಾಗೇ. 50ರಲ್ಲಿ ಹೋಗುವಾಗ ಕಣ್ಣು ಕಂಡಿದ್ದನ್ನು ಕಾಲು ಕೇಳಿಸಿಕೊಳ್ಳುವಷ್ಟರಲ್ಲಿ ಒಂದು ಸೆಕೆಂಡ್ ಹಿಡಿದರೂ 14 ಮೀಟರ್ ಹೋಗಿರುತ್ತದೆ. ಆಮೇಲೆ ಒಣ ರಸ್ತೆಯಲ್ಲಿ ಒಳ್ಳೆ ಬ್ರೇಕಿಗೆ ಇನ್ನೊಂದು 14 ಮೀಟರ್. 80ರಲ್ಲಿ ಇದೇ 22 ಮೀಟರ್, ಜೊತೆಗೆ 35 ಮೀಟರ್. ಟೈರ್ ಸವೆದು ಮಳೆಯೂ ಬಿದ್ದಿದ್ದರೆ ಎರಡನೇ ಅಂಕಿ ಎಲ್ಲಿಗೆ ಹೋಗುತ್ತದೋ ಹೇಳೋಕಾಗಲ್ಲ. ನಡೆದು ಹೋಗುವವನಿಂದ ಪಕ್ಕದವನಿಗೆ ಈ ಅಪಾಯ ಇಲ್ಲ. ಅದಕ್ಕೇ ನಡೆಯೋಕೆ ಲೈಸೆನ್ಸ್ ಇಲ್ಲ, ನಡೆಸೋಕೆ ಇದೆ.

ಕಲಂ_ಓದುಗ
ಬ್ರೇಕ್ ಡ್ರಮ್, ಲೆಕ್ಕ ಒಪ್ಪಿದೆ. ಆದರೆ ಅದು ನಿಯಮ ಯಾಕೆ ಬೇಕು ಅನ್ನುವುದಕ್ಕೆ ಉತ್ತರವಾಯಿತು. "ಸವಲತ್ತು" ಅನ್ನುವ ಪದ ಸರಿಯಾ ಅನ್ನುವುದಕ್ಕೆ ಆಗಲಿಲ್ಲ.

ತೀರ್ಪು_ಕಪಾಟು
ಆ ಪದವನ್ನು ನಮ್ಮ ಸುಪ್ರೀಂ ಕೋರ್ಟ್ 1954ರಲ್ಲೇ ಪರೀಕ್ಷೆ ಮಾಡಿದೆ. ಸಗೀರ್ ಅಹ್ಮದ್ ವಿರುದ್ಧ ಉತ್ತರ ಪ್ರದೇಶ. ಬುಲಂದ್‌ಶಹರ್–ದೆಹಲಿ ಮಾರ್ಗದಲ್ಲಿ ಖಾಸಗಿಯವರನ್ನು ಬಿಡಿಸಿ ಸರ್ಕಾರವೇ ಬಸ್ ಓಡಿಸೋಕೆ ಹೊರಟಿತ್ತು. ಹೆದ್ದಾರಿ ಸರ್ಕಾರದ ಸೊತ್ತು, ಅದರ ಮೇಲೆ ಬಾಡಿಗೆ ಗಾಡಿ ಓಡಿಸೋದು ನಾವು ಕೊಟ್ಟರೆ ಉಂಟು ಇಲ್ಲದಿದ್ದರೆ ಇಲ್ಲ ಅನ್ನುವ ವಾದ ಅಲ್ಲಿ ಬಂತು. ಐವರ ಪೀಠ ಒಪ್ಪಲಿಲ್ಲ. ಸಾರ್ವಜನಿಕ ರಸ್ತೆಯನ್ನು ಸರ್ಕಾರ ಜನರ ಪರವಾಗಿ ನೋಡಿಕೊಳ್ಳುತ್ತದೆ, ನಿಯಮಗಳ ಮಿತಿಯೊಳಗೆ ಯಾರು ಬೇಕಾದರೂ ಮೋಟಾರು ವಾಹನ ಓಡಿಸಬಹುದು ಎಂದಿತು.

ಮುಖ್ಯವಾದದ್ದು ಈ "ನಿಯಮಗಳ ಮಿತಿಯೊಳಗೆ" ಅನ್ನುವ ಮಾತು. ಸಂವಿಧಾನದ 19(5) ಸಾರ್ವಜನಿಕ ಹಿತಕ್ಕಾಗಿ ಸಮಂಜಸ ನಿರ್ಬಂಧ ಹಾಕಬಹುದು ಅನ್ನುತ್ತದೆ. ಡ್ರೈವಿಂಗೇ ಹೊಟ್ಟೆಪಾಡಾದವರಿಗೆ 19(1)(ಜಿ), ಅಂದರೆ ವೃತ್ತಿ ನಡೆಸುವ ಹಕ್ಕು ಇದೆ, ಅದಕ್ಕೆ ಎದುರಾಗಿ 19(6)ರಲ್ಲಿ ವೃತ್ತಿಗೆ ಬೇಕಾದ ತಾಂತ್ರಿಕ ಅರ್ಹತೆ ಕೇಳಬಹುದು ಅಂತ ಬಿಡಿಸಿ ಬರೆದಿದ್ದಾರೆ. ಲೈಸೆನ್ಸ್ ನಿಂತಿರೋದು ಇದರ ಮೇಲೆ. ಯಾರ ಕೃಪೆಯ ಮೇಲೂ ಅಲ್ಲ.

ಸ್ವತಂತ್ರ_ಸವಾರ
ನೋಡಿ, ನಾನು ಹೇಳಿದ್ದೂ ಅದೇ. ಹಕ್ಕು.

ತೀರ್ಪು_ಕಪಾಟು
ಅರ್ಧ ಹೇಳಿದ್ದೀರಿ. ಅರ್ಹತೆ ತೋರಿಸಿದ ಮೇಲೆ ಹುಟ್ಟುವ ಹಕ್ಕು ಅದು. ತೋರಿಸುವ ಮೊದಲು ಇರೋದು ಅರ್ಜಿ ಹಾಕುವ ಹಕ್ಕು ಮಾತ್ರ.

ಲಾಂಗ್_ರೂಟ್
ಅಮೆರಿಕದ ಒಂದು ವಿಡಿಯೊ ವಾಟ್ಸಾಪಲ್ಲಿ ಸುತ್ತಾಡ್ತಾ ಇದೆ. "ನಾನು ಡ್ರೈವ್ ಮಾಡ್ತಿಲ್ಲ, ಪ್ರಯಾಣ ಮಾಡ್ತಿದ್ದೀನಿ, ಲೈಸೆನ್ಸ್ ಬೇಡ" ಅಂತ ಪೊಲೀಸರ ಹತ್ತಿರ ವಾದ ಮಾಡ್ತಾನೆ. ಅಲ್ಲಿ ಹಾಗಿದೆಯಾ?

ತೀರ್ಪು_ಕಪಾಟು
ಇಲ್ಲ. ರಾಜ್ಯಗಳು ನೋಂದಣಿ, ಲೈಸೆನ್ಸ್ ಕೇಳಬಹುದು ಅಂತ ಅಲ್ಲಿನ ಸುಪ್ರೀಂ ಕೋರ್ಟ್ 1915ರಲ್ಲೇ, ಹೆಂಡ್ರಿಕ್ ವಿರುದ್ಧ ಮೇರಿಲ್ಯಾಂಡ್ ಪ್ರಕರಣದಲ್ಲಿ ಹೇಳಿ ಮುಗಿಸಿದೆ. ಆ ವಿಡಿಯೊದವರು ಹೇಳದೇ ಬಿಡುವ ಇನ್ನೊಂದು ತೀರ್ಪು ನಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರ. 1971ರ ಬೆಲ್ ವಿರುದ್ಧ ಬರ್ಸನ್. ಜಾರ್ಜಿಯಾದ ಒಬ್ಬ ಪಾದ್ರಿ, ಊರೂರು ಸುತ್ತಬೇಕಾದ ಕೆಲಸ. ಸೈಕಲ್ ಮೇಲಿದ್ದ ಮಗು ಬಂದು ಅವರ ಕಾರಿಗೆ ಡಿಕ್ಕಿಯಾಯಿತು. ವಿಮೆ ಇರಲಿಲ್ಲ. ತಪ್ಪು ಯಾರದು ಅಂತ ವಿಚಾರಿಸದೆಯೇ ಲೈಸೆನ್ಸ್ ಅಮಾನತಿಗೆ ಹೊರಟರು. ಇದು ನಡೆಯಲ್ಲ, ಕೊಟ್ಟ ಲೈಸೆನ್ಸ್ ಕಿತ್ತುಕೊಳ್ಳುವ ಮುಂಚೆ ವಿಚಾರಣೆ ಬೇಕು ಎಂದಿತು ಕೋರ್ಟ್. ಅದನ್ನು ಹಕ್ಕು ಅಂತ ಕರೆದರೂ ಸವಲತ್ತು ಅಂತ ಕರೆದರೂ ಈ ಕಟ್ಟುಪಾಡು ತಪ್ಪಲ್ಲ ಅಂತಲೂ ಸೇರಿಸಿತು.

ಎಚ್_ಟ್ರ್ಯಾಕ್
ಮೊದಲ ಪೋಸ್ಟಿನ ಎರಡನೇ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ. ನಮ್ಮ ಮೋಟಾರು ವಾಹನ ಕಾಯ್ದೆಯ 9(4) ನೋಡಿ. ಅರ್ಜಿ ಕ್ರಮವಾಗಿದ್ದು, ಓಡಿಸುವ ಸಾಮರ್ಥ್ಯ ಅಧಿಕಾರಿಗೆ ಮನವರಿಕೆಯಾದರೆ, ಅನರ್ಹಗೊಂಡವನಲ್ಲದಿದ್ದರೆ, ಲೈಸೆನ್ಸ್ "ಕೊಡತಕ್ಕದ್ದು". "ಕೊಡಬಹುದು" ಅಂತ ಇಲ್ಲ. ಎರಡು ಪದಕ್ಕೂ ಇರುವ ದೂರ ದೊಡ್ಡದು. ಬ್ರೇಕ್ ಇನ್ಸ್‌ಪೆಕ್ಟರ್‌ಗೆ ನಿಮ್ಮ ಮುಖ ಹಿಡಿಸಲಿಲ್ಲ ಅನ್ನೋದು ಕಾರಣ ಆಗಲ್ಲ. ನಿರಾಕರಿಸಿದರೆ ಕಾರಣ ಲಿಖಿತವಾಗಿ ತಗೊಳ್ಳಿ, 17ನೇ ಕಲಂ ಪ್ರಕಾರ 30 ದಿನದೊಳಗೆ ಮೇಲ್ಮನವಿ ಇದೆ.

ಟೆಸ್ಟಲ್ಲಿ ಫೇಲಾದರೂ ಬಾಗಿಲು ಮುಚ್ಚಲ್ಲ. 7 ದಿನ ಬಿಟ್ಟು ಮತ್ತೆ ಬರಬಹುದು. ಮೂರು ಸಲ ಫೇಲಾದರೆ 60 ದಿನ ಕಾಯಬೇಕು.

ಹಿಂಬದಿ_ಕನ್ನಡಿ
ಆ "ಸಾಮರ್ಥ್ಯ" ಅಳೆಯುವ ರೀತಿ ನೋಡಿದರೆ ಹೊಟ್ಟೆ ಉರಿಯುತ್ತದೆ. 1989ರ ಕೇಂದ್ರ ನಿಯಮಗಳ 15ನೇ ನಿಯಮ ಓದಿ. ಹೊರಡುವ ಮೊದಲು ಕನ್ನಡಿ ಸರಿಮಾಡಿಕೊಳ್ಳುವುದು, ಟಾಪ್ ಗೇರ್‌ವರೆಗೆ ಏರಿಸಿ ಇಳಿಸುವುದು, ಕಡಿದಾದ ಏರಿನಲ್ಲಿ ನಿಲ್ಲಿಸಿ ಹಿಂದಕ್ಕೆ ಒಂದಿಂಚೂ ಉರುಳದಂತೆ ಹ್ಯಾಂಡ್‌ಬ್ರೇಕ್ ಬಳಸಿ ಮತ್ತೆ ಎತ್ತುವುದು, ಓವರ್‌ಟೇಕ್, ತುರ್ತಾಗಿ ನಿಲ್ಲಿಸುವುದು ಎಲ್ಲ ಇದೆ. ನಡೆಯೋದು ಏನು? ಬೈಕಿಗೆ 8 ಆಕಾರದ ಒಂದು ಸುತ್ತು, ಕಾರಿಗೆ ಎಚ್ ಆಕಾರದ ಒಂದು ಸುತ್ತು.

8 ಹಾಕುವಾಗ ಕಾಲು ನೆಲಕ್ಕೆ ಊರಬಾರದು, ಗೆರೆ ದಾಟಬಾರದು. ಜನ ಫೇಲಾಗೋದು ಮುಂದಿನ ಚಕ್ರವನ್ನೇ ನೋಡುತ್ತಾ ಓಡಿಸೋದರಿಂದ. ಕಣ್ಣು ತಿರುವಿನ ಆಚೆ ತುದಿಯಲ್ಲಿರಬೇಕು, ಹಿಂದಿನ ಬ್ರೇಕ್ ಲಘುವಾಗಿ ಹಿಡಿದು ಹಾಫ್ ಕ್ಲಚ್‌ನಲ್ಲಿ ಹೋದರೆ ಗಾಡಿ ತಾನಾಗಿ ತಿರುಗುತ್ತದೆ. ಎಚ್‌ನಲ್ಲಿ ರಿವರ್ಸ್ ಬರುವಾಗ ಹಿಂದಿನ ಚಕ್ರ ಮೂಲೆಯ ಕಂಬದ ಸಾಲಿಗೆ ಬರುವ ಮೊದಲೇ ಸ್ಟೀರಿಂಗ್ ಪೂರ್ತಿ ತಿರುಗಿಸಿಬಿಡುತ್ತಾರೆ, ಒಳಗಿನ ಕಂಬ ಬೀಳುತ್ತದೆ. ಇವೆರಡನ್ನೂ ಒಂದು ವಾರದಲ್ಲಿ ಬಾಯಿಪಾಠ ಮಾಡಿಸಬಹುದು. ಆದರೆ ರಾತ್ರಿ ಎದುರಿನ ಹೈಬೀಮ್‌ನಲ್ಲಿ ರಸ್ತೆಯಂಚು ಹುಡುಕೋದು, ಬಸ್ಸಿನ ಹಿಂದಿನಿಂದ ಜನ ನುಗ್ಗಬಹುದು ಅಂತ ಊಹಿಸೋದು ಇದರಲ್ಲಿ ಎಲ್ಲೂ ಬರಲ್ಲ. ಅರ್ಹತೆಯೇ ಪೊಳ್ಳಾದರೆ ಅದರಿಂದ ಹುಟ್ಟುವ ಹಕ್ಕು ಎಂಥದ್ದು?

ಡಬಲ್_ಪೆಡಲ್
ಕಲಿಕೆಯ ಗಂಟೆಗಳೂ ನಿಯಮದಲ್ಲಿವೆ ಮೇಡಂ. ಡ್ರೈವಿಂಗ್ ಸ್ಕೂಲಿನಲ್ಲಿ ಕಾರಿಗೆ ಕನಿಷ್ಠ 21 ದಿನ, ಅದರಲ್ಲಿ ಚಕ್ರ ಹಿಡಿದು 10 ಗಂಟೆ. 2021ರ ಜುಲೈ 1ರಿಂದ ಬಂದ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳಲ್ಲಿ ನಾಲ್ಕು ವಾರದಲ್ಲಿ 29 ಗಂಟೆ: 8 ಪಾಠ, 21 ಪ್ರಾಯೋಗಿಕ. ಅಲ್ಲಿ ಪಾಸಾದವರಿಗೆ ಆರ್‌ಟಿಒ ಟೆಸ್ಟಿನಿಂದ ವಿನಾಯಿತಿ. ಸ್ಕೂಲಿಗೆ ದುಡ್ಡು ಕಟ್ಟುವವರು ಕೇಳಬೇಕಾದ್ದು "ಎಷ್ಟು ದಿನ" ಅಂತ ಅಲ್ಲ, "ಸ್ಟೀರಿಂಗ್ ಮೇಲೆ ಎಷ್ಟು ಗಂಟೆ" ಅಂತ. ಒಂದೇ ಕಾರಲ್ಲಿ ನಾಲ್ಕು ಜನ ಕೂರಿಸಿ ಒಬ್ಬೊಬ್ಬರಿಗೆ ಹದಿನೈದು ನಿಮಿಷ ಕೊಟ್ಟರೆ 21 ದಿನಕ್ಕೆ ಆಗೋದು ಐದೂಕಾಲು ಗಂಟೆ.

ಎಲ್_ಬೋರ್ಡ್
ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಇದ್ದವರೂ ಕೇಳಿಸಿಕೊಳ್ಳಿ. ಎಲ್ ಬೋರ್ಡ್ ಅಂದರೆ ಕೆಂಪು ಟೇಪ್ ತುಂಡು ಅಂಟಿಸೋದಲ್ಲ. ಬಿಳಿ ಹಿನ್ನೆಲೆ ಕನಿಷ್ಠ 18 ಸೆಂ.ಮೀ. ಚೌಕ, ಕೆಂಪು ಅಕ್ಷರ 10 ಸೆಂ.ಮೀ. ಎತ್ತರ, 2 ಸೆಂ.ಮೀ. ದಪ್ಪ, ಬುಡದಲ್ಲಿ 9 ಸೆಂ.ಮೀ. ಅಗಲ. ಮುಂದೆ ಒಂದು, ಹಿಂದೆ ಒಂದು. ಪಕ್ಕದಲ್ಲಿ ಕೂತವರಿಗೆ ಚಾಲ್ತಿ ಡಿಎಲ್ ಇರಬೇಕು, ಗಾಡಿ ಹಿಡಿದು ನಿಲ್ಲಿಸಬಲ್ಲ ಜಾಗದಲ್ಲಿ ಕೂತಿರಬೇಕು. ಹಿಂದಿನ ಸೀಟಲ್ಲಿ ಮಲಗಿರೋ ಮಾವ ಲೆಕ್ಕಕ್ಕಿಲ್ಲ. ಎಲ್‌ಎಲ್‌ಆರ್‌ಗೆ ಆರು ತಿಂಗಳ ಆಯಸ್ಸು, 30 ದಿನ ಆದಮೇಲೆ ಡಿಎಲ್ ಟೆಸ್ಟಿಗೆ ಹೋಗಬಹುದು.

ವೋಲ್ಟು_ಆಂಪು
ಬ್ಯಾಟರಿ ಸ್ಕೂಟರಿಗೆ ಡಿಎಲ್ಲೇ ಬೇಡ ಅಂತಾರಲ್ಲ, ಅದು ಯಾವ ಲೆಕ್ಕ? ಯಾರಾದರೂ ಕೇಳ್ತಾರೆ ಅಂತ ನಾನೇ ಬರೀತೀನಿ. ಮೋಟಾರ್ 250 ವ್ಯಾಟ್‌ಗಿಂತ ಕಡಿಮೆ, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ. ಒಳಗೆ ಇದ್ದರೆ ಮಾತ್ರ ಅದು ಮೋಟಾರು ವಾಹನ ಅಲ್ಲ. ಎರಡೂ ಷರತ್ತು ಸೇರಬೇಕು. ಕಂಟ್ರೋಲರ್‌ನಲ್ಲಿ ವೇಗದ ಮಿತಿಯ ವೈರ್ ಬಿಚ್ಚಿಸಿ 40ಕ್ಕೆ ಏರಿಸಿಕೊಂಡ ದಿನದಿಂದ ಅದು ಮೋಟಾರು ವಾಹನವೇ. ನೋಂದಣಿ ಇಲ್ಲ, ವಿಮೆ ಇಲ್ಲ, ಡಿಎಲ್ ಇಲ್ಲ. ಯಾರಿಗಾದರೂ ತಾಗಿದರೆ ಪರಿಹಾರದ ಪೂರ್ತಿ ಹೊರೆ ಮಾಲೀಕನ ತಲೆ ಮೇಲೆ.

ಸ್ವತಂತ್ರ_ಸವಾರ
ಎಲ್ಲರೂ ಚರ್ಚೆ ಬಿಟ್ಟು ಬೋರ್ಡು, ಬ್ಯಾಟರಿ ಅಂತ ಹೊರಟ್ರಿ. ನನ್ನ ಪ್ರಶ್ನೆ ನೇರ. ಹೆಲ್ಮೆಟ್ ಹಾಕಿಲ್ಲ ಅಂತ ಮೂರು ತಿಂಗಳು ಡಿಎಲ್ ತೆಗೆದರೆ ಡೆಲಿವರಿ ಹುಡುಗನ ಮನೆ ಒಲೆ ಹೇಗೆ ಉರಿಯಬೇಕು? ತಲೆ ಅವನದು ತಾನೇ?

ಕ್ಲಚ್_ಕೇಬಲ್
194ಡಿ ಹಾಗೇ ಹೇಳುತ್ತದೆ, 1,000 ರೂ. ದಂಡ ಜೊತೆಗೆ ಮೂರು ತಿಂಗಳ ಅನರ್ಹತೆ. ದಂಡವನ್ನು 200ನೇ ಕಲಂ ಬಳಸಿ ರಾಜ್ಯಗಳು ಕಡಿಮೆ ಮಾಡಿಕೊಳ್ಳಬಹುದು. "ತಲೆ ಅವನದು" ಅನ್ನುವ ವಾದ ನಾನು ಒಪ್ಪಲ್ಲ, ಆ ತಲೆಯನ್ನೇ ನಂಬಿಕೊಂಡ ಮನೆ ಒಂದಿರುತ್ತದೆ. ಆದರೆ ಹೊಟ್ಟೆಪಾಡಿನ ಲೈಸೆನ್ಸಿಗೂ ಭಾನುವಾರದ ಲೈಸೆನ್ಸಿಗೂ ಒಂದೇ ಅಳತೆ ಇಟ್ಟಿರೋದು ನನಗೂ ನೋವಿನ ವಿಷಯ.

ಕಾಲಂ_206
ಅದಕ್ಕೇ ಕ್ರಮ ಗೊತ್ತಿರಬೇಕು. ರಸ್ತೆಯಲ್ಲಿ ನಿಂತ ಪೊಲೀಸರು ಡಿಎಲ್ ರದ್ದು ಮಾಡೋದೂ ಇಲ್ಲ, ಅಮಾನತು ಮಾಡೋದೂ ಇಲ್ಲ. 206(4) ಪ್ರಕಾರ ಅವರು ವಶಕ್ಕೆ ಪಡೆದು ಲೈಸೆನ್ಸ್ ಪ್ರಾಧಿಕಾರಕ್ಕೆ ಕಳಿಸಬಹುದು, ಅಷ್ಟೇ. ಅದೂ ಪಟ್ಟಿಯಲ್ಲಿರುವ ಅಪರಾಧಗಳಿಗೆ: ಅತಿವೇಗ, ಅಪಾಯಕಾರಿ ಚಾಲನೆ, ಕುಡಿದು ಓಡಿಸುವುದು, ರೇಸ್, ಅಸುರಕ್ಷಿತ ವಾಹನ, ಬೈಕಲ್ಲಿ ಮೂವರು, ಹೆಲ್ಮೆಟ್ ಇಲ್ಲದಿರುವುದು, ತುರ್ತು ವಾಹನಕ್ಕೆ ದಾರಿ ಬಿಡದಿರುವುದು. ಸಿಗ್ನಲ್ ಹಾರಿಸುವುದು, ಮೊಬೈಲ್ ಕೈಯಲ್ಲಿ ಹಿಡಿಯುವುದು 2019ರಿಂದ ಅಪಾಯಕಾರಿ ಚಾಲನೆಯ 184ನೇ ಕಲಂ ಒಳಗೇ ಬರುತ್ತವೆ. ಸೀಟ್ ಬೆಲ್ಟ್ 194ಬಿ, ಅದು ಈ ಪಟ್ಟಿಯಲ್ಲಿಲ್ಲ. ಅದಕ್ಕೆ ದಂಡ ಕಟ್ಟಿಸಿಕೊಳ್ಳಬಹುದು, ಈ ಕಲಂ ಹಿಡಿದು ಡಿಎಲ್ ತಗೊಂಡು ಹೋಗುವಂತಿಲ್ಲ.

ತಗೊಂಡರೆ ತಾತ್ಕಾಲಿಕ ಸ್ವೀಕೃತಿ ಚೀಟಿ ಕೊಡಲೇಬೇಕು. ಆದರೆ ಆ ಚೀಟಿ ಓಡಿಸುವ ಅಧಿಕಾರ ಕೊಡಲ್ಲ, ಡಿಎಲ್ ವಾಪಸ್ ಬರುವವರೆಗೆ ಗಾಡಿ ಓಡಿಸುವಂತಿಲ್ಲ. ಬಹಳ ಜನ ಚೀಟಿ ಕೇಳದೆ ಬಂದುಬಿಡ್ತಾರೆ. ಆಮೇಲೆ ಕೈಯಲ್ಲಿ ಡಿಎಲ್ಲೂ ಇಲ್ಲ, ಅವರು ತಗೊಂಡರು ಅನ್ನೋಕೆ ಚೀಟಿಯೂ ಇಲ್ಲ.

ಎರಡನೇ_ಗೇರ್
ಬರೀ ತಪಾಸಣೆಗೆ ಡಿಎಲ್ ಕೇಳಿದಾಗ ಡಿಜಿಲಾಕರ್‌ನಲ್ಲಿ ತೋರಿಸಿದರೆ?

ಕಾಲಂ_206
ನಡೆಯುತ್ತದೆ. 2018ರಲ್ಲಿ 139ನೇ ನಿಯಮ ತಿದ್ದಿದ ಮೇಲೆ ಡಿಜಿಟಲ್ ರೂಪದಲ್ಲಿ ತೋರಿಸುವುದೂ ಸಿಂಧು. ಗ್ಯಾಲರಿಯಲ್ಲಿಟ್ಟ ಫೋಟೊ ಆಗಲ್ಲ, ಆ್ಯಪ್ ಒಳಗಿನದೇ ಬೇಕು.

ಬಿಳಿ_ಕೋಲು
ಆರೋಗ್ಯದ ಷರತ್ತನ್ನೂ ನೋಡಿ, ಹಕ್ಕಿನ ಪ್ರಶ್ನೆ ಅಲ್ಲೇ ಹೆಚ್ಚು ಚುಚ್ಚುತ್ತದೆ. ಫಾರ್ಮ್ 1ರಲ್ಲಿ, ಒಳ್ಳೆ ಹಗಲು ಬೆಳಕಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟ್ ಓದಬಲ್ಲಿರಾ ಅನ್ನುವ ಪ್ರಶ್ನೆ ಇದೆ. ಕನ್ನಡಕ ಹಾಕಿಕೊಂಡು ಓದಿದರೂ ಸರಿ. ಮನೆ ಮುಂದೆ ಟೇಪ್ ಹಿಡಿದು 25 ಮೀಟರ್ ಅಳೆದು ನೀವೇ ಪರೀಕ್ಷೆ ಮಾಡಿಕೊಳ್ಳಿ, ಸಹಿ ಹಾಕುವ ಮೊದಲು. ಬಣ್ಣಗುರುಡು ಇದ್ದವರಿಗೆ ವರ್ಷಗಟ್ಟಲೆ ಬಾಗಿಲು ಮುಚ್ಚಿತ್ತು. 2020ರ ಜೂನ್ ತಿದ್ದುಪಡಿಯಲ್ಲಿ ಸೌಮ್ಯ ಮತ್ತು ಮಧ್ಯಮ ಪ್ರಮಾಣದವರಿಗೆ ತೆರೆಯಿತು. ಬರೀ ಸವಲತ್ತು ಅಂತಿದ್ದರೆ ಅವರು ಯಾವ ಬಾಯಲ್ಲಿ ಕೇಳಬೇಕಿತ್ತು?

ಬ್ರೇಕ್_ಡ್ರಮ್
ಒಪ್ಪಿದೆ. ಆದರೆ ಅದೇ ಫಾರ್ಮಲ್ಲಿ ಮೂರ್ಛೆರೋಗದ ಪ್ರಶ್ನೆಗೂ ನಾವೇ ಟಿಕ್ ಹಾಕ್ತೀವಿ, ನೋಡುವವರಿಲ್ಲ. 40 ದಾಟಿದ ಮೇಲೆ ಫಾರ್ಮ್ 1ಎ, ವೈದ್ಯರ ಸಹಿ. ಅದನ್ನು ಕಣ್ಣು ನೋಡದೇ ಬರೆದುಕೊಡುವವರಿದ್ದಾರೆ.

ಲಾಂಗ್_ರೂಟ್
ನವೀಕರಣದ ತಾರೀಖು ಮರೆತು ಸಿಕ್ಕಿಹಾಕಿಕೊಳ್ಳುವವರು ಜಾಸ್ತಿ. ಮೊದಲಿದ್ದ 30 ದಿನದ ರಿಯಾಯಿತಿ 2019ರ ತಿದ್ದುಪಡಿಯಲ್ಲಿ ಹೋಯಿತು. ಅವಧಿ ಮುಗಿದ ಮರುದಿನವೇ ನೀವು ಡಿಎಲ್ ಇಲ್ಲದವರು. ಒಂದು ವರ್ಷ ಮೊದಲೇ ಅರ್ಜಿ ಹಾಕಬಹುದು, ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಟೆಸ್ಟ್. 30ರೊಳಗೆ ಪಡೆದರೆ 40ರವರೆಗೆ, 30ರಿಂದ 50ರೊಳಗೆ ಪಡೆದರೆ ಹತ್ತು ವರ್ಷ, 50ರಿಂದ 55ರೊಳಗೆ ಪಡೆದರೆ 60ರವರೆಗೆ, ಆಮೇಲೆ ಐದೈದು ವರ್ಷ.

ಹಿಂಬದಿ_ಕನ್ನಡಿ
ಮಕ್ಕಳ ಕೈಗೆ ಕೀ ಕೊಡುವವರ ವಿಷಯ ಯಾರೂ ಎತ್ತಿಲ್ಲ. 199ಎ ಪ್ರಕಾರ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂ. ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಡಿಎಲ್ ಇಲ್ಲ. 16ಕ್ಕೆ ಓಡಿಸಬಹುದಾದ್ದು 50 ಸಿಸಿ ಮೀರದ ಬೈಕು ಮಾತ್ರ, ಅದೂ ಲೈಸೆನ್ಸ್ ಪಡೆದು. ಈಗ ಮನೆ ಮುಂದೆ ನಿಲ್ಲುವ ಸ್ಕೂಟರ್‌ಗಳು ಬಹುತೇಕ ಅದರ ಎರಡು ಪಟ್ಟು.

ಸ್ವತಂತ್ರ_ಸವಾರ
ಸರಿ, ಒಂದು ಹೆಜ್ಜೆ ಹಿಂದೆ ಇಡ್ತೀನಿ. ಹುಟ್ಟಿನಿಂದ ಬರುವ ಹಕ್ಕು ಅಂತ ಹೇಳಲ್ಲ. ಆದರೆ "ಸವಲತ್ತು" ಅನ್ನುವ ಪದ ಅಧಿಕಾರಿಯ ಬಾಯಲ್ಲಿ ಬಂದ ತಕ್ಷಣ ಅರ್ಜಿದಾರ ಕೈ ಮುಗಿದು ನಿಲ್ಲಬೇಕಾಗುತ್ತದೆ. ನನ್ನ ಸಿಟ್ಟು ಅದರ ಮೇಲೆ.

ತೀರ್ಪು_ಕಪಾಟು
ಆ ಸಿಟ್ಟಲ್ಲಿ ನಾನೂ ಇದ್ದೀನಿ.

ಕಲಂ_ಓದುಗ
ಉಳಿದದ್ದು ಒಂದೇ ಪ್ರಶ್ನೆ. ಅಮಾನತಿನ ಆದೇಶ ಕೈಗೆ ಬಂದರೆ ಹೆಜ್ಜೆ ಹೆಜ್ಜೆಯಾಗಿ ಏನು ಮಾಡಬೇಕು?

ಕಾಲಂ_206
ಮೊದಲು ಆದೇಶದ ಪ್ರತಿ ತಗೊಳ್ಳಿ, ಎಸ್‌ಎಂಎಸ್ ನಂಬಿ ಕೂರಬೇಡಿ. ಅದರಲ್ಲಿ ಮೂರು ನೋಡಿ: ಸಹಿ ಲೈಸೆನ್ಸ್ ಪ್ರಾಧಿಕಾರದ್ದೇ, ಕಾರಣ ಬರೆದಿದ್ದಾರಾ, ನಿಮ್ಮ ಅಹವಾಲು ಕೇಳಲು ನೋಟಿಸ್ ಕೊಟ್ಟಿದ್ದರಾ. ಮೋಟಾರು ವಾಹನ ಕಾಯ್ದೆಯ 19ನೇ ಕಲಂ ಈ ಮೂರನ್ನೂ ಕೇಳುತ್ತದೆ. ನೋಟಿಸ್ ಬಂದಾಗಲೇ ಉತ್ತರ ಕೊಟ್ಟಿದ್ದರೆ ಒಳ್ಳೆಯದು. ಕ್ಯಾಮೆರಾ ಚಲನ್ ಆಗಿದ್ದರೆ ಫೋಟೊದಲ್ಲಿರುವ ಗಾಡಿ, ಸಮಯ, ಓಡಿಸಿದವರು ಯಾರು ಅನ್ನೋದು ಅಲ್ಲೇ ಬರೆಯಿರಿ, ಗಾಡಿ ಮಾಲೀಕನೇ ಚಾಲಕ ಅಂತ ಇಲ್ಲ.

ಮೇಲ್ಮನವಿಗೆ ಆದೇಶ ತಲುಪಿದ ದಿನದಿಂದ 30 ದಿನ. ತಡೆಯಾಜ್ಞೆ ಬೇಕು ಅಂತ ಬೇರೆಯಾಗಿ ಕೇಳಿ, ಮನವಿ ಹಾಕಿದ ಮಾತ್ರಕ್ಕೆ ಆದೇಶ ನಿಲ್ಲಲ್ಲ. ಅಲ್ಲಿಯವರೆಗೆ ಗಾಡಿ ಮುಟ್ಟಬೇಡಿ. ಡಿಎಲ್ ಇಲ್ಲದೆ ಓಡಿಸಿದರೆ 181ರಲ್ಲಿ 5,000 ರೂ., ಅನರ್ಹಗೊಂಡ ಮೇಲೆ ಓಡಿಸಿದರೆ 182ರಲ್ಲಿ 10,000. ಅವಧಿ ಮುಗಿದ ಮೇಲೂ ಡಿಎಲ್ ತಾನಾಗಿ ಮನೆಗೆ ಬರಲ್ಲ, ಪುನಶ್ಚೇತನ ತರಬೇತಿ ಮುಗಿಸಿರಬೇಕು.

ಕ್ಲಚ್_ಕೇಬಲ್
ವಿಮೆಯನ್ನೂ ಸೇರಿಸಿ. ಡಿಎಲ್ ಸರಿಯಿಲ್ಲದವನಿಗೆ ಗೊತ್ತಿದ್ದೂ ಗಾಡಿ ಕೊಟ್ಟರೆ, ಗಾಯಗೊಂಡವರಿಗೆ ಕಂಪನಿ ಮೊದಲು ಕಟ್ಟಿ ಆಮೇಲೆ ಮಾಲೀಕನಿಂದ ವಸೂಲಿ ಮಾಡಬಹುದು. 2004ರ ಸ್ವರಣ್ ಸಿಂಗ್ ತೀರ್ಪಿನಿಂದ ಬಂದ ದಾರಿ. ಇನ್ನು 7,500 ಕೆ.ಜಿ. ಒಳಗಿನ ಸರಕು ಗಾಡಿ ಓಡಿಸುವ ಎಲ್‌ಎಂವಿ (ಲಘು ಮೋಟಾರು ವಾಹನ) ಡಿಎಲ್‌ದಾರರು ಹೆದರಬೇಕಿಲ್ಲ. ಪ್ರತ್ಯೇಕ ಟ್ರಾನ್ಸ್‌ಪೋರ್ಟ್ ಷರಾ ಬೇಡ ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದನ್ನು 2024ರ ನವೆಂಬರ್‌ನಲ್ಲಿ ಐವರ ಪೀಠವೂ ಎತ್ತಿಹಿಡಿದಿದೆ.

ಕಲಂ_ಓದುಗ
30 ದಿನ ಎಣಿಸೋದು ಆದೇಶದ ಮೇಲಿನ ತಾರೀಖಿಂದ ಅಲ್ಲ, ಕೈಗೆ ತಲುಪಿದ ದಿನದಿಂದ ಅಲ್ವಾ?

ಕಾಲಂ_206
ಹೌದು. ಅದಕ್ಕೇ ಅಂಚೆ ಲಕೋಟೆ ಬಿಸಾಡಬೇಡಿ. ಮುದ್ರೆ ಬಿದ್ದ ಕಡೆ ಮಡಚದೆ ಆದೇಶದ ಜೊತೆ ಪಿನ್ ಮಾಡಿ ಇಡಿ.